ಅಂಗಳದ ಹಸಿರು: ಗಿಡ ಎದೆಮಟ, ಹೂವೆಲ್ಲಿ?



ಈ ತಿಂಗಳು ಮಲ್ಲಿಗೆ ಬಳ್ಳಿಯ ಬಗ್ಗೆ ಬರೆಯುವುದಾಗಿ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಆ ಮಾತನ್ನು ಸ್ವಲ್ಪ ಮುಂದಕ್ಕೆ ಹಾಕಬೇಕಾಗಿದೆ. ಅಕ್ಕಲಕೋಟೆಯ ಕಡೆಯ ಹಳ್ಳಿಯಿಂದ ಒಬ್ಬ ಭಗಿನಿಯ ಪತ್ರ ಬಂದಿದೆ. ಮಲ್ಲಿಗೆ ಒಂದು ತಿಂಗಳು ಕಾದೀತು, ಈ ಪತ್ರ ಕಾಯುವಂತಿಲ್ಲ, ಮುಂಗಾರು ಬಾಗಿಲಲ್ಲಿದೆ.

ಅವರು ಬರೆದದ್ದು ಇಷ್ಟು. ಹೋದ ವರ್ಷ ಅವರ ಮಗ ಬಾವಿಯ ಮಗ್ಗುಲಿನ ಹತ್ತು ಗುಂಟೆಯಲ್ಲಿ ದಸರೆಗೆಂದು ಚೆಂಡುಹೂವಿನ ಅಗಿ ಹಚ್ಚಿದ್ದ. ದಸರೆಗೆ ಹೂವಿನ ಬೆಲೆ ಏರುವುದು ಎಲ್ಲರಿಗೂ ಗೊತ್ತಿರುವುದೇ. ತಡವಾಗಬಾರದೆಂದು ಬೇಸಿಗೆಯಲ್ಲೇ ಬೀಜ ಹಾಕಿ, ಮಳೆಗೆ ಮುಂಚೆಯೇ ಅಗಿ ಹಚ್ಚಿ, ಮೂರು ಸಲ ಯೂರಿಯಾ ಕೊಟ್ಟ. ಗಿಡ ಎದೆಮಟ ಬೆಳೆದವು. ಹಾದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ದಸರೆಗೆ ಮೂರು ಬುಟ್ಟಿ ಹೂವು ಸಿಗಲಿಲ್ಲ. ದೀಪಾವಳಿ ದಾಟಿದ ಮೇಲೆ ಹೊಲವೆಲ್ಲ ಹಳದಿ. ಆಗ ಕೇಳುವವರಿಲ್ಲ. ದನದ ಮುಂದೆ ಹಾಕಿದರೆ ಅವೂ ಮೂಸಿ ನೋಡಿ ಬಿಟ್ಟವಂತೆ. ಅಗಿ, ಗೊಬ್ಬರದ ಸಾಲ ಇನ್ನೂ ತೀರಿಲ್ಲ. "ಈ ವರ್ಷ ಮತ್ತೆ ಹಚ್ಚುತ್ತೇನೆ ಅನ್ನುತ್ತಾನೆ. ಯಾವ ಗೊಬ್ಬರ ಇನ್ನೂ ಹೆಚ್ಚು ಹಾಕಬೇಕು, ತಿಳಿಸಿರಿ" ಎಂದು ಕೊನೆಗೆ ಕೇಳಿದ್ದಾರೆ. ಪತ್ರದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ಇನ್ನೊಂದು ಸಾಲಿದೆ: ಗಾಳಿಗೆ ಗಿಡ ಬೀಳತೊಡಗಿದಾಗ ಭಾದ್ರಪದದಲ್ಲಿ ಎಲ್ಲ ಗಿಡಗಳ ತುದಿ ಕತ್ತರಿಸಿದ್ದರಂತೆ.

ಆ ಅಡ್ಡ ಸಾಲನ್ನು ಓದಿ ನಾನು ಪತ್ರ ಕೆಳಗಿಟ್ಟೆ. ಇದೇ ತಪ್ಪನ್ನು, ಒಂದನ್ನೂ ಬಿಡದೆ, ನಾನೂ ಮಾಡಿದ್ದೇನೆ.

1998ರ ಮಾತು. ಮದುವೆಯಾಗಿ ಜತ್ತ ತಾಲೂಕಿನ ಈ ಊರಿಗೆ ಬಂದು ಮೂರು ವರ್ಷವಾಗಿತ್ತು. ಆ ವರ್ಷ ಅತ್ತೆಯವರ ಅನಂತ ವ್ರತಕ್ಕೆ ಹದಿನಾಲ್ಕು ವರ್ಷ ತುಂಬಿ ಉದ್ಯಾಪನೆ ಆಗಬೇಕಿತ್ತು. ಅತ್ತೆಯವರು ಯಾರಿಂದಲೂ ಏನನ್ನೂ ಬಾಯಿಬಿಟ್ಟು ಕೇಳುವವರಲ್ಲ. ಒಂದು ಸಂಜೆ ಕಾಳು ಹಸನು ಮಾಡುತ್ತ, "ಸಂತಿ ಹೂವು ಎಲ್ಲಿದೋ ಯಾರು ಬೆಳದದ್ದೋ. ನಮ್ಮ ಹಿತ್ತಲದಾಗಿನ ಹೂವು ಸ್ವಾಮಿಗೆ ಏರಿದ್ದರ ಛಂದ ಆಗತಿತ್ತು ನೋಡವ್ವಾ" ಅಂದರು. ಅಷ್ಟೇ. ನಾನು ಆ ಕೆಲಸವನ್ನು ಮೈಮೇಲೆ ಹಾಕಿಕೊಂಡೆ.

ಅಕ್ಷಯ ತೃತೀಯೆಯ ದಿನವೇ ಬೀಜ ಹಾಕಿದೆ. ಬೇಗ ಹಾಕಿದರೆ ಬೇಗ ಹೂವು ಎಂಬ ಲೆಕ್ಕ. ಹಿತ್ತಲ ಬೇವಿನ ಮರದ ಕೆಳಗೆ, ತಂಪಿರಲಿ ಎಂದು, ಮಡಿ ಮಾಡಿದೆ. ಒಂದೂ ಅಗಿ ಒಗೆಯಲು ಮನಸ್ಸಾಗದೆ ಗೇಣಿಗೊಂದರಂತೆ ಒತ್ತೊತ್ತಾಗಿ ಹಚ್ಚಿದೆ. ತಿಪ್ಪೆ ಗೊಬ್ಬರ ಹಾಕಿದ್ದು ಸಾಲದೆಂದು ಯಜಮಾನರು ಹೊಲಕ್ಕೆ ತಂದ ಯೂರಿಯಾದಲ್ಲಿ ಹಿಡಿ ಹಿಡಿ ಕದ್ದು ಹಾಕಿದೆ. ಗಿಡಗಳು ನನ್ನನ್ನು ನಿರಾಶೆಗೊಳಿಸಲಿಲ್ಲ. ಆಷಾಢದಲ್ಲಿ ಸೊಂಟಕ್ಕೆ ಬಂದವು, ಶ್ರಾವಣದಲ್ಲಿ ಎದೆಗೆ. ಅತ್ತೆಯವರು ಕೋಲೂರಿಕೊಂಡು ಬಂದು ಒಮ್ಮೆ ನೋಡಿದರು. "ಇನ್ನೊಂದು ಎಂಟು ದಿನ ಬಿಡು, ಇದರ ಮ್ಯಾಲ ಅವರಿ ಬಳ್ಳಿ ಹಬ್ಬಸೂಣು" ಅಂದರು.

ಆಗಸ್ಟಿನ ಮೂರನೆಯ ವಾರ ಜೋರು ಗಾಳಿ ಬೀಸಿ ಅರ್ಧ ಗಿಡಗಳು ಬಾಗಿದವು. ತುದಿ ಚಿವುಟಿದರೆ ಹೂವು ಹೆಚ್ಚಾಗುತ್ತದೆಂದು ಎಲ್ಲೋ ಓದಿದ್ದೆ. ಕತ್ತರಿ ತಂದು ಎಲ್ಲ ಗಿಡಗಳನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿದೆ. ಆ ಸಲ ಅನಂತ ಚತುರ್ದಶಿ ಬೇಗ ಬಂದಿತ್ತು, ಸೆಪ್ಟೆಂಬರ್ 5ಕ್ಕೇ. ಇನ್ನು ಹದಿನೈದು ದಿನ ಉಳಿದಿದ್ದವು. ಕತ್ತರಿಸಿ ಒಟ್ಟಿದ ತುದಿಗಳ ಹತ್ತಿರ ಅತ್ತೆಯವರು ಕೂತು ಒಂದೊಂದನ್ನೇ ಎತ್ತಿ ನೋಡಿದರು. ಎಲೆಗಳ ನಡುವೆ ಜೋಳದ ಕಾಳಿನಷ್ಟು ಹಸಿರು ಗುಂಡುಗಳಿದ್ದವು. ಅವೇ ಮೊಗ್ಗು. ಬಿಟ್ಟಿದ್ದರೆ ಹಬ್ಬಕ್ಕೆ ನಾಲ್ಕು ಹೂವಾದರೂ ಅರಳುತ್ತಿದ್ದವೋ ಏನೋ. ಅವರು ಏನೂ ಅನ್ನಲಿಲ್ಲ. ಆ ದಿನ ಪೂಜೆಗೆ ಜತ್ತದ ಪೇಟೆಯಿಂದ ಹೂವು ತಂದೆವು.

ಕತ್ತರಿಸಿದ ತುದಿಗಳನ್ನು ಅವರು ಏನು ಮಾಡಿದರೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು, ಈ ಗಿಡ ಹೀಗೇಕೆ ಮಾಡಿತು ಎಂಬುದನ್ನು ನೋಡೋಣ. ಇದು ನನಗೆ ತಿಳಿಯುವುದಕ್ಕೆ ಬಹಳ ವರ್ಷ ಹಿಡಿಯಿತು.

ಗಿಡಕ್ಕೆ ದೊಡ್ಡದಾಗುವುದು ಬೇರೆ ಕೆಲಸ, ಹೂವು ಬಿಡುವುದು ಬೇರೆ ಕೆಲಸ. ಬೆಳೆಯುವ ತುದಿ ಒಂದು ಹೊತ್ತಿಗೆ ಒಂದನ್ನೇ ಮಾಡುತ್ತದೆ. ಎಲೆ ಹೆರುತ್ತದೆ, ಇಲ್ಲವೆ ಮೊಗ್ಗು ಕಟ್ಟುತ್ತದೆ. ಮೊಗ್ಗು ಕಟ್ಟಿದ ಮೇಲೆ ಆ ತುದಿ ಮೇಲಕ್ಕೇರುವುದು ಮುಗಿಯಿತು. ಹಾಗಾಗಿ ಎಲೆಯಿಂದ ಮೊಗ್ಗಿಗೆ ತಿರುಗುವ ದಿನ ಎಷ್ಟು ತಡವೋ ಗಿಡ ಅಷ್ಟು ಎತ್ತರ. ಎದೆಮಟ ಬೆಳೆದ ಚೆಂಡುಹೂವಿನ ಗಿಡವನ್ನು ನಾವು ಚೆನ್ನಾಗಿ ಬೆಳೆದಿದೆ ಅನ್ನುತ್ತೇವೆ. ಅದು ಇನ್ನೂ ತಿರುಗಿಲ್ಲ, ಅಷ್ಟೇ.

ತಿರುಗುವ ದಿನವನ್ನು ಹೇಳುವುದು ಗೊಬ್ಬರವಲ್ಲ, ಹಗಲು. ಅಮೆರಿಕದಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಜಾತಿಯ ತಂಬಾಕಿನ ಹಿಂದೆ ಬಿದ್ದಿದ್ದರು. ಅದರ ಹೆಸರೇ ಮೇರಿಲ್ಯಾಂಡ್ ಮ್ಯಾಮತ್, ಅಂದರೆ ಆನೆಗಾತ್ರದ್ದು. ಬೇಸಿಗೆಯ ಹೊಲದಲ್ಲಿ ಹತ್ತು ಅಡಿಗೂ ಮೀರಿ ಏರುತ್ತಿತ್ತು, ಹೂವೇ ಬಿಡುತ್ತಿರಲಿಲ್ಲ. ಬೀಜವಿಲ್ಲದೆ ತಳಿ ಉಳಿಸುವುದು ಹೇಗೆ? ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಚಿಕ್ಕದಿರುವಾಗಲೇ ಹೂವು ಬಿಡುತ್ತಿತ್ತು. ಮಣ್ಣು, ಗೊಬ್ಬರ, ಬಿಸಿಲು, ಚಳಿ ಎಲ್ಲವನ್ನೂ ಪರೀಕ್ಷಿಸಿ ಸೋತು, 1918ರ ಬೇಸಿಗೆಯಲ್ಲಿ ಕೆಲವು ಕುಂಡಗಳನ್ನು ದಿನಾಲು ಮಧ್ಯಾಹ್ನದ ಮೇಲೆ ಕತ್ತಲೆಯ ಗೂಡಿನೊಳಗೆ ಇಟ್ಟು, ಬೆಳಿಗ್ಗೆ ಹೊರಗೆ ತೆಗೆದರು. ಆ ಗಿಡಗಳು ಹೂವು ಬಿಟ್ಟವು. ಹೊರಗೆ ಉಳಿದವು ಎಲೆ ಬಿಡುತ್ತ ಏರುತ್ತಲೇ ಇದ್ದವು. 1920ರಲ್ಲಿ ಅವರು ಇದನ್ನು ಪ್ರಕಟಿಸಿದರು. ಗಿಡಗಳು ಹಗಲು-ರಾತ್ರಿಯ ಉದ್ದವನ್ನು ಅಳೆಯುತ್ತವೆ ಎಂದು ಲೋಕಕ್ಕೆ ಗೊತ್ತಾದದ್ದು ಹೀಗೆ.

ನಮ್ಮ ಎತ್ತರದ ಚೆಂಡುಹೂವು ತಂಬಾಕಿನಷ್ಟು ಹಟಮಾರಿಯಲ್ಲ. ಹಗಲು ದೊಡ್ಡದಿದ್ದರೂ ಕೊನೆಗೊಮ್ಮೆ ಹೂವು ಬಿಡುತ್ತದೆ. ಆದರೆ ತಡಮಾಡುತ್ತದೆ, ತಡಮಾಡಿದಷ್ಟೂ ಬೆಳೆಯುತ್ತದೆ. ಹಗಲು ಕುಗ್ಗಿದಾಗ ಬೇಗ, ಗಿಡ್ಡದಿರುವಾಗಲೇ ಬಿಡುತ್ತದೆ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ನಮ್ಮ ಸೀಮೆಯಲ್ಲಿ ಜೂನ್ ಕೊನೆಯ ಹಗಲು 13 ಗಂಟೆಗೆ ಸ್ವಲ್ಪ ಮೇಲೆ. ಡಿಸೆಂಬರಿನದು 11 ಗಂಟೆಗೆ ಸ್ವಲ್ಪ ಮೇಲೆ. ನಡುವೆ ಇರುವುದು ಎರಡು ತಾಸು. ನಮಗೆ ಅದು ಗೊತ್ತಾಗುವುದೂ ಇಲ್ಲ. ಗಿಡಕ್ಕೆ ಗೊತ್ತಾಗುತ್ತದೆ. ವೈಶಾಖದಲ್ಲಿ ಹುಟ್ಟಿದ ಸಸಿ ತನ್ನ ಎಳೆತನವನ್ನೆಲ್ಲ ವರ್ಷದ ದೊಡ್ಡ ಹಗಲುಗಳಲ್ಲಿ ಕಳೆಯುತ್ತದೆ. ನಾನು ಬೇಗ ಹಾಕಿದ್ದರಿಂದ ಗಳಿಸಿದ್ದು ಕಾಂಡವನ್ನು.

ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಚೆಂಡುಹೂವು ನಮ್ಮ ನೆಲದ್ದಲ್ಲ. ಅದರ ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ನಾಡುಗಳು. ಇಂಗ್ಲಿಷಿನವರು ಎತ್ತರದ ಜಾತಿಯನ್ನು ಆಫ್ರಿಕನ್ ಎಂದೂ ಗಿಡ್ಡ ಜಾತಿಯನ್ನು ಫ್ರೆಂಚ್ ಎಂದೂ ಕರೆಯುತ್ತಾರೆ. ಎರಡೂ ಅಡ್ಡಹೆಸರುಗಳೇ, ಎರಡೂ ಅಮೆರಿಕ ಖಂಡದಿಂದ ಬಂದವೇ. ಪೋರ್ತುಗೀಸರ ಹಡಗುಗಳ ಮೂಲಕ ನಮ್ಮಲ್ಲಿಗೆ ಬಂದಿತೆಂದು ಹೇಳುತ್ತಾರೆ. ಮೆಕ್ಸಿಕೊದ ಜನ ನವೆಂಬರ್ 1 ಮತ್ತು 2ರಂದು ತಮ್ಮ ಗತಿಸಿದ ಹಿರಿಯರನ್ನು ನೆನೆಯುವ ಹಬ್ಬ ಮಾಡುತ್ತಾರೆ. ಅಂದು ಮನೆ, ಸಮಾಧಿ, ಹಾದಿಗಳಿಗೆಲ್ಲ ಇದೇ ಹೂವು. ಮೆಕ್ಸಿಕೊ ನಗರ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸೊಲ್ಲಾಪುರ ಸುಮಾರು 17.7ರಲ್ಲಿ. ಅಲ್ಲಿಗೂ ಇಲ್ಲಿಗೂ ಹಗಲಿನ ಅಳತೆ ಹೆಚ್ಚು ಕಡಿಮೆ ಒಂದೇ. ಸಮುದ್ರ ದಾಟಿ ಬಂದ ಗಿಡಕ್ಕೆ ಇಲ್ಲಿ ತನ್ನ ಗಡಿಯಾರವನ್ನು ತಿರುಗಿಸಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಅಲ್ಲಿ ಹಿರಿಯರ ಹಬ್ಬಕ್ಕೆ ಅರಳುತ್ತಿದ್ದದ್ದು ಇಲ್ಲಿ ದಸರೆ ದೀಪಾವಳಿಗೆ ಅರಳಿತು.

ಉತ್ತರದ ದೇಶಗಳಲ್ಲಿ ಬೇಸಿಗೆಯ ಹಗಲು 16 ಗಂಟೆಯವರೆಗೂ ಇರುವುದರಿಂದ ಅಲ್ಲಿ ಈ ಗಿಡದ್ದು ದೊಡ್ಡ ತಕರಾರು. ಅಲ್ಲಿನ ಸಸಿ ಬೆಳೆಯುವವರು ಎಳೆಯ ಸಸಿಗಳ ಮೇಲೆ ಸಂಜೆಯೇ ಕಪ್ಪು ಬಟ್ಟೆ ಎಳೆದು ಹಗಲನ್ನು ಗಿಡ್ಡ ಮಾಡುತ್ತಾರೆ. ನಮಗೆ ಆ ಕಷ್ಟವಿಲ್ಲ, ಸರಿಯಾದ ದಿನ ಬೀಜ ಹಾಕಿದರೆ ಸಾಕು.

ಗಿಡ್ಡ ಜಾತಿಯ ಮಾತು ಬಂತು. ಎತ್ತರದ್ದಕ್ಕೆ ಸಸ್ಯಶಾಸ್ತ್ರದವರು ಇಟ್ಟ ಹೆಸರು ಟೇಜಿಟಿಸ್ ಇರೆಕ್ಟಾ, ನೆಟ್ಟಗೆ ನಿಲ್ಲುವುದು. ಎರಡರಿಂದ ಮೂರು ಅಡಿ, ಕೆಲವೊಮ್ಮೆ ಅದಕ್ಕೂ ಮೇಲೆ. ಗಿಡ್ಡದ್ದು ಟೇಜಿಟಿಸ್ ಪ್ಯಾಟುಲಾ, ಹರಡುವುದು. ಅರ್ಧ ಅಡಿಯಿಂದ ಒಂದೂವರೆ ಅಡಿ. ಕೆಂಪು ಕಂದು ಅಂಚಿನ ಸಣ್ಣ ಹೂವು. ಈ ಗಿಡ್ಡದ್ದು ಹಗಲಿನ ಉದ್ದಕ್ಕೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಬೀಜ ಹಾಕಿದ ಎಂಟು ವಾರದ ಆಸುಪಾಸಿಗೆ, ಯಾವ ತಿಂಗಳಾದರೂ, ಹೂವು ಬಿಡುತ್ತದೆ. ಭಾದ್ರಪದದ ಪರ್ವಕ್ಕೆ, ಅದರಲ್ಲೂ ಪರ್ವ ಬೇಗ ಬಂದ ವರ್ಷ, ಅಂಗಳದ ಹೂವು ಬೇಕೆನ್ನುವವರು ಈ ಗಿಡ್ಡದ್ದನ್ನೇ ನಂಬಬೇಕು. 1998ರಲ್ಲಿ ನಾನು ಜೂನ್ ಕೊನೆಗೆ ಇದರ ಒಂದು ಚಿಟಿಕೆ ಬೀಜ ಹಾಕಿದ್ದರೆ ಸಾಕಿತ್ತು.

ಎರಡೂ ಜಾತಿ ಕೂಡಿಸಿದ ತಳಿಗಳೂ ಇವೆ. ಎತ್ತರದ್ದರ ವರ್ಣತಂತುಗಳು 24, ಗಿಡ್ಡದ್ದರದು 48. ಕೂಡಿ ಹುಟ್ಟಿದ್ದಕ್ಕೆ 36, ಹೇಸರಗತ್ತೆಯಂತೆ ಅದಕ್ಕೆ ಸಂತಾನವಿಲ್ಲ. ಬೀಜ ಕಟ್ಟುವ ಕೆಲಸವಿಲ್ಲದ್ದರಿಂದ ಹೂವು ಬಿಡುತ್ತಲೇ ಇರುತ್ತದೆ. ಬೀಜ ಕಟ್ಟುವ ಗಿಡಗಳಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ಬಾಡಿದ ಹೂವನ್ನು ಗಿಡದಲ್ಲಿ ಬಿಡದೆ ಬಿಡಿಸಿದರೆ ಅದು ಮತ್ತೆ ಮೊಗ್ಗು ಕಟ್ಟುತ್ತದೆ.

ಇನ್ನು ಗೊಬ್ಬರ. ಅಕ್ಕಲಕೋಟೆಯ ಭಗಿನಿಗೆ ನೇರವಾಗಿ ಹೇಳುವುದಾದರೆ, ನಿಮ್ಮ ಮಗ ಹಾಕಿದ್ದು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಯೂರಿಯಾದಲ್ಲಿರುವುದು ಬರೀ ಸಾರಜನಕ. ಅದು ಎಲೆ ಕಾಂಡಗಳ ಅನ್ನ. ಅದು ಧಾರಾಳವಾಗಿ ಸಿಗುತ್ತಿರುವವರೆಗೆ ಗಿಡ ಸೊಕ್ಕಿ ಬೆಳೆಯುತ್ತದೆ, ಕಾಂಡ ನೀರು ತುಂಬಿ ಮೆದುವಾಗುತ್ತದೆ, ಗಾಳಿಗೆ ಬೀಳುತ್ತದೆ. ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಒಂದು ಚದರ ಮೀಟರಿಗೆ ಎರಡೂವರೆ ಕಿಲೊ, ಅಂದರೆ ಒಂದು ಗುಂಟೆಗೆ ಸುಮಾರು 250 ಕಿಲೊ, ಮಣ್ಣಿಗೆ ಮೊದಲೇ ಬೆರೆಸಿರಲಿ. ಸರಕಾರಿ ಗೊಬ್ಬರ ಹಾಕುವುದೇ ಆದರೆ ರಂಜಕ, ಪೊಟ್ಯಾಶ್ ಪೂರ್ತಿ ಅಗಿ ಹಚ್ಚುವಾಗಲೇ. ಸಾರಜನಕ ಅರ್ಧ ಆಗ, ಇನ್ನರ್ಧ ತಿಂಗಳ ಮೇಲೆ. ಮೊಗ್ಗು ಕಂಡ ಮೇಲೆ ಯೂರಿಯಾದ ಚೀಲವನ್ನು ಮೂಲೆಗಿಡಿ. ಅಂಗಳದಲ್ಲಿ ನಾಲ್ಕು ಗಿಡ ಇಟ್ಟವರಿಗೆ ಅದರ ಗೊಡವೆಯೇ ಬೇಡ, ತಿಪ್ಪೆ ಗೊಬ್ಬರವೇ ಸಾಕು.

ಒತ್ತೊತ್ತಾಗಿ ಹಚ್ಚುವುದು ನಮ್ಮ ಹೆಣ್ಣುಮಕ್ಕಳ ಸಾಮಾನ್ಯ ತಪ್ಪು. ಸಸಿ ಒಗೆಯಲು ಕೈ ಬರುವುದಿಲ್ಲ. ಪಕ್ಕದ ಎಲೆಗಳಿಗೆ ಬಡಿದು ಬರುವ ಬೆಳಕಿನ ಬಣ್ಣವೇ ಬೇರೆ; ಅದನ್ನು ಗಿಡ ಗುರುತಿಸುತ್ತದೆ. ನೆರೆಯವನು ತನ್ನ ಬಿಸಿಲು ಕಸಿಯುತ್ತಾನೆಂದು ಕೊಂಬೆ ಬಿಡುವುದನ್ನು ಬಿಟ್ಟು ಮೇಲಕ್ಕೇ ಓಡುತ್ತದೆ. ಮರದ ನೆರಳಿನಲ್ಲೂ ಹೀಗೆಯೇ. ನನ್ನ ಗಿಡಗಳು ಬೇವಿನ ಕೆಳಗೆ ಮಾಡಿದ್ದು ಈ ಓಟವನ್ನೇ. ಎತ್ತರದ ಜಾತಿಗೆ ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಅಂದರೆ ಒಂದು ಮೊಳ; ಗಿಡದಿಂದ ಗಿಡಕ್ಕೆ ಒಂದು ಅಡಿ. ಈ ಲೆಕ್ಕದಲ್ಲಿ ಗುಂಟೆಗೆ ಸುಮಾರು 750 ಅಗಿ ಹಿಡಿಸುತ್ತವೆ. ಗಿಡ್ಡ ಜಾತಿಗೆ ಒಂದು ಗೇಣು ಸಾಕು. ಜಾಗ ಮಾತ್ರ ದಿನವಿಡೀ ಬಿಸಿಲು ಬೀಳುವಂಥದ್ದೇ ಆಗಬೇಕು.

ಮತ್ತೆ ಚಿವುಟುವುದು. ಇದರ ಗುಟ್ಟು ತಿಳಿದದ್ದೂ ಹಳೆಯ ಮಾತಲ್ಲ. ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ರಸವೇ ಪಕ್ಕದ ಕಣ್ಣುಗಳನ್ನು ಮಲಗಿಸಿಡುತ್ತದೆ ಎಂಬುದನ್ನು ಥೀಮನ್ ಮತ್ತು ಸ್ಕೂಗ್ ಎಂಬವರು 1933ರಲ್ಲಿ ಅವರೆಯ ಜಾತಿಯ ಒಂದು ಗಿಡದಲ್ಲಿ ತೋರಿಸಿದರು. ತುದಿ ತೆಗೆದರೆ ಕೆಳಗಿನ ಕಣ್ಣುಗಳೆಲ್ಲ ಏಳುತ್ತವೆ. ತುದಿ ತೆಗೆದು ಆ ಜಾಗಕ್ಕೆ ಅದೇ ರಸವನ್ನು ಹಚ್ಚಿದರೆ ಏಳುವುದಿಲ್ಲ. ಚೆಂಡುಹೂವಿನಲ್ಲಿ ಅಗಿ ಹಚ್ಚಿದ 25-30 ದಿನಕ್ಕೆ, ಗಿಡ ಒಂದೂವರೆ ಗೇಣು ಇರುವಾಗ, ಮೊಗ್ಗು ಕಾಣುವ ಮೊದಲೇ ತುದಿಯ ಎರಡು ಬೆರಳು ಉದ್ದವನ್ನು ಉಗುರಿನಿಂದ ಚಿವುಟಬೇಕು. ಒಂದು ಕಾಂಡದ ಜಾಗದಲ್ಲಿ ಆರೆಂಟು ಕೊಂಬೆ ಒಡೆದು ಗಿಡ ಬುಟ್ಟಿಯಂತಾಗುತ್ತದೆ. ಎತ್ತರ ಕುಗ್ಗುತ್ತದೆ, ಹೂವಿನ ಎಣಿಕೆ ಏರುತ್ತದೆ. ಒಂದೊಂದು ಹೂವಿನ ಗಾತ್ರ ತುಸು ಕಿರಿದಾಗುತ್ತದೆ. ಮಾಲೆಗೆ ಅದೇ ಒಳ್ಳೆಯದು.

ಆದರೆ ಚಿವುಟಿದ ಗಿಡಕ್ಕೆ ಹೊಸ ಕೊಂಬೆ ಬೆಳೆದು ಮೊಗ್ಗು ಕಟ್ಟಿ ಅರಳಲು ಸುಮಾರು 40 ದಿನ ಬೇಕು. ಹಬ್ಬಕ್ಕೆ 40 ದಿನದೊಳಗೆ ಬಂದ ಮೇಲೆ ಗಿಡ ಎಷ್ಟೇ ಎತ್ತರವಿರಲಿ ಕತ್ತರಿ ಮುಟ್ಟಬೇಡಿ. ಬಾಗುತ್ತಿದ್ದರೆ ಕೋಲು ಕಟ್ಟಿ, ಬುಡಕ್ಕೆ ಮಣ್ಣೇರಿಸಿ. ಮಣ್ಣು ತಾಗಿದ ಕಾಂಡದಿಂದ ಹೊಸ ಬೇರು ಬಿಟ್ಟು ಗಿಡ ಗಟ್ಟಿಯಾಗಿ ನಿಲ್ಲುತ್ತದೆ. ಅಕ್ಕಲಕೋಟೆಯ ಹೊಲದಲ್ಲಿ ದಸರೆಯ ಹೂವು ದೀಪಾವಳಿಯ ಆಚೆಗೆ ಹೋದದ್ದಕ್ಕೆ ಬೇರೆ ಕಾರಣಗಳಿಗಿಂತ ಆ ಭಾದ್ರಪದದ ಕತ್ತರಿಯೇ ಮುಖ್ಯ ಎಂದು ನನ್ನ ಎಣಿಕೆ. ಪತ್ರದಲ್ಲಿ ಅದಕ್ಕೆ ಅಂಚಿನಲ್ಲಿ ಜಾಗ ಸಿಕ್ಕಿತು!

ಹಾಗಾದರೆ ಈ ವರ್ಷ ಯಾವಾಗ ಹಾಕಬೇಕು? ತಿಂಗಳು ಹಿಡಿದು ಹೇಳಿದರೆ ಮೋಸ ಹೋಗುತ್ತೀರಿ. ದಸರೆ 2025ರಲ್ಲಿ ಅಕ್ಟೋಬರ್ 2ಕ್ಕೆ ಬಂದಿತ್ತು, 2023ರಲ್ಲಿ ಅಕ್ಟೋಬರ್ 24ಕ್ಕೆ. ಆದ್ದರಿಂದ ಪಂಚಾಂಗ ತೆರೆದು ಹಿಂದಕ್ಕೆ ಎಣಿಸಿ. ನಮ್ಮ ಊರಿನ ಎತ್ತರದ ಜವಾರಿ ತಳಿಯಾದರೆ ಹಬ್ಬಕ್ಕೆ 70-75 ದಿನ ಮೊದಲು ಅಗಿ ಹಚ್ಚುವುದು, ಅದಕ್ಕೆ ಒಂದು ತಿಂಗಳು ಮೊದಲು ಬೀಜ ಹಾಕುವುದು. ಅಕ್ಟೋಬರ್ ಆರಂಭದ ದಸರೆಗೆ ಬೀಜ ಜೂನ್ ಮೂರನೆಯ ವಾರ. ಅಕ್ಟೋಬರ್ ಕೊನೆಯ ದಸರೆಗೆ ಜುಲೈ ಎರಡನೆಯ ವಾರ. ಬೀಜ ಐದರಿಂದ ಏಳು ದಿನಕ್ಕೆ ಮೊಳೆಯುತ್ತದೆ. ನಾಲ್ಕೈದು ಎಲೆ ಬಂದಾಗ ಸಂಜೆ ಹೊತ್ತು ಕಿತ್ತು ಹಚ್ಚಿ, ಕೂಡಲೇ ನೀರು ಬಿಡಿ. ಕಂಪನಿಗಳ ಸಂಕರ ತಳಿಗಳಾದರೆ ಬೇಗ ಬಿಡುತ್ತವೆ. ಅವುಗಳಲ್ಲಿ ಹಗಲಿನ ಪಥ್ಯ ಕಡಿಮೆ. ಪೊಟ್ಟಣದ ಮೇಲೆ ಎಷ್ಟು ದಿನವೆಂದು ಬರೆದಿರುತ್ತಾರೆ, ಅದನ್ನು ಓದಿ ಎಣಿಸಿ. ಈಚಿನ ವರ್ಷಗಳಲ್ಲಿ ಕೇರಳದ ಕುಟುಂಬಶ್ರೀ ಗುಂಪಿನ ಹೆಣ್ಣುಮಕ್ಕಳು ಓಣಂ ಹಬ್ಬಕ್ಕೆ ಚೆಂಡುಹೂವು ಬೆಳೆಯುತ್ತಿರುವುದು ಇಂಥ ತಳಿಗಳಿಂದಲೇ.

ಕೇರಳದ ಮಾತಿಗೆ, ಕಾಸರಗೋಡಿನ ಓದುಗರೊಬ್ಬರ ಪ್ರಶ್ನೆಯೂ ನನ್ನ ಹತ್ತಿರ ಉಳಿದಿದೆ. ನರ್ಸರಿಯಿಂದ ತಂದ ಗಿಡ ಒಂದು ಗೇಣು ಎತ್ತರದಲ್ಲೇ ಮುಷ್ಟಿಗಾತ್ರದ ಹೂವು ಬಿಟ್ಟಿತ್ತು; ಅದರ ಬೀಜ ಹಾಕಿದರೆ ಮೂರು ಅಡಿಯ ಗಿಡ ಬಂದು ಸಣ್ಣ ಹೂವು ಬಿಟ್ಟಿತು, ಅಂಗಡಿಯವರು ಮೋಸ ಮಾಡಿದರೇ ಎಂದು. ಮೋಸವೇ ಇರಬೇಕೆಂದಿಲ್ಲ. ಅಂಥ ಗಿಡಗಳು ಹೆಚ್ಚಾಗಿ ಮೊದಲ ಪೀಳಿಗೆಯ ಸಂಕರ. ಅವುಗಳ ಬೀಜದಲ್ಲಿ ಅಜ್ಜ ಅಜ್ಜಿಯರ ಗುಣಗಳು ಚದುರಿ ಹೊರಬರುತ್ತವೆ. ಒಂದು ಗಿಡ್ಡ, ಒಂದು ಎತ್ತರ. ಇನ್ನೊಂದು ಕಾರಣವೂ ಇರಬಹುದು. ಕುಂಡದ ಗಿಡ ಮುದ್ದಾಗಿ ಕಾಣಲೆಂದು ಕೆಲವು ನರ್ಸರಿಗಳಲ್ಲಿ ಬೆಳವಣಿಗೆ ತಡೆಯುವ ಔಷಧ ಹೊಡೆಯುತ್ತಾರೆ. ಪ್ಯಾಕ್ಲೋಬ್ಯುಟ್ರಜಾಲ್, ಡಾಮಿನೋಜೈಡ್ ಎಂಬವು ಆ ಜಾತಿಯವು. ಔಷಧದಿಂದ ಬಂದ ಗಿಡ್ಡತನ ಆ ಗಿಡಕ್ಕಷ್ಟೇ. ಬೀಜಕ್ಕೆ ಅದರ ನೆನಪಿರುವುದಿಲ್ಲ. ಗಿಡ್ಡ ಗಿಡವೇ ಬೇಕಾದರೆ ಗಿಡ್ಡ ತಳಿಯ ಬೀಜವನ್ನೇ ಹೊಸದಾಗಿ ಕೊಳ್ಳಿ. ನಿಮ್ಮ ಕಡೆಯ ಮಳೆಗೆ ಬುಡ ಕೊಳೆಯದಂತೆ ಮಡಿಯನ್ನು ಒಂದು ಗೇಣು ಎತ್ತರಿಸುವುದನ್ನು ಮರೆಯಬೇಡಿ.

ಬೀಜವಿಲ್ಲದೆಯೂ ಗಿಡ್ಡ ಗಿಡ ಮಾಡುವ ಇನ್ನೊಂದು ದಾರಿ ಇದೆ. ಅದನ್ನು ಕಲಿಸಿದ್ದು ನಮ್ಮ ಅತ್ತೆಯವರು.

ಆ ಆಗಸ್ಟಿನ ಸಂಜೆ, ನಾನು ಮುಖ ಸಣ್ಣದು ಮಾಡಿ ಕೂತಿದ್ದಾಗ, ಅವರು ಕತ್ತರಿಸಿದ ತುದಿಗಳಲ್ಲಿ ಗಟ್ಟಿಯಾದವನ್ನು ಆರಿಸಿದರು. ನಾಲ್ಕು ಬೆರಳು ಉದ್ದ ಉಳಿಸಿ, ಕೆಳಗಿನ ಎಲೆ ಸವರಿ, ಆ ಜೋಳದ ಕಾಳಿನಂಥ ಮೊಗ್ಗುಗಳನ್ನೂ ತೆಗೆದರು. ಒಡೆದ ಕೊಡದ ಬುಡದಲ್ಲಿ ಹಳ್ಳದ ಉಸುಕು ತುಂಬಿ, ತೋಯಿಸಿ, ಅದರಲ್ಲಿ ಚುಚ್ಚಿ, ಅಡುಗೆಮನೆಯ ಹಿಂದಿನ ನೆರಳಿಗೆ ಇಟ್ಟರು. "ಚಿವುಟಿದ್ದು ಚಿವುಟಿದಿ, ಒಗೀಬ್ಯಾಡ. ಜೀವ ಐತಿ ಇನ್ನ" ಅಂದರು. ಹತ್ತು ದಿನಕ್ಕೆ ಬೇರು ಬಂದವು. ಹಳೆಯ ಡಬ್ಬಿ, ಕುಂಡಗಳಿಗೆ ಹಚ್ಚಿದೆವು. ಆ ಹೊತ್ತಿಗೆ ಹಗಲು ಕುಗ್ಗತೊಡಗಿತ್ತು. ತುದಿ ಬಂದದ್ದು ಮೊಗ್ಗು ಕಟ್ಟುವ ವಯಸ್ಸಿನ ಗಿಡದಿಂದ. ಬೀಜದ ಸಸಿಯಂತೆ ಮತ್ತೆ ಎಳೆತನದಿಂದ ಆರಂಭಿಸುವ ಅಗತ್ಯ ಅದಕ್ಕಿಲ್ಲ. ಅಕ್ಟೋಬರ್ 1ರ ದಸರೆಗೆ ಹಿತ್ತಲ ದೈತ್ಯರು ಹೂವು ಬಿಟ್ಟವು. ಕುಂಡದವು ಅದರ ಹಿಂದೆಯೇ, ಎರಡು ಗೇಣು ಎತ್ತರದಲ್ಲಿ, ಎಲೆ ಕಾಣದ ಹಾಗೆ ಅರಳಿದವು. ಬಂಗಾಳದ ಬೆಳೆಗಾರರು ಹೊಲಕ್ಕೆ ಹೊಲವನ್ನೇ ಹೀಗೆ ತುದಿಯಿಂದ ಬೆಳೆಸುತ್ತಾರೆಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅತ್ತೆಯವರಿಗೆ ಅದನ್ನು ಯಾರು ಹೇಳಿದ್ದರೋ, ಕೇಳಲಿಲ್ಲ.

ಹತ್ತು ಗುಂಟೆಯ ಮಗನಿಗೆ ಇದನ್ನೂ ಹೇಳಿ. ಜುಲೈ, ಆಗಸ್ಟಿನಲ್ಲಿ ಚಿವುಟಿದ ತುದಿಗಳನ್ನು ಬದುವಿಗೆ ಒಗೆಯುವ ಬದಲು ಉಸುಕಿನಲ್ಲಿ ಚುಚ್ಚಿದರೆ ದೀಪಾವಳಿಯ ಕೊಯ್ಲಿಗೆ ಇನ್ನೆರಡು ಗುಂಟೆ ಅಗಿ ಪುಕ್ಕಟೆ. ಎಲ್ಲ ಹೂವನ್ನೂ ಒಂದೇ ಹಬ್ಬಕ್ಕೆ ಕಟ್ಟಿಹಾಕಬಾರದು. ಅರ್ಧ ದಸರೆಗೆ, ಅರ್ಧ ದೀಪಾವಳಿಗೆ ಎಂದು ಇಪ್ಪತ್ತು ದಿನ ಬಿಟ್ಟು ಬೀಜ ಹಾಕಲಿ.

ಅತ್ತೆಯವರ ಉದ್ಯಾಪನೆಗೆ ನಮ್ಮ ಹೂವು ಏರಲಿಲ್ಲ. ಆ ವರ್ಷ ದೀಪಾವಳಿಯ ಬೆಳಗಿನ ಜಾವ, ಮಹಾವೀರ ಸ್ವಾಮಿಯ ನಿರ್ವಾಣ ಪೂಜೆಗೆ ಹೊರಟಾಗ, ಅವರು ತಾವೇ ಕುಂಡಗಳ ಹತ್ತಿರ ಬಗ್ಗಿ ತಟ್ಟೆ ತುಂಬ ಹೂವು ಬಿಡಿಸಿಕೊಂಡರು. ಹಿತ್ತಲ ಎತ್ತರದ ಗಿಡಗಳ ಹೂವಿಗೆ ಅವರ ಕೈ ನಿಲುಕುತ್ತಿರಲಿಲ್ಲ.

ಮುಂದಿನ ತಿಂಗಳು ಮಲ್ಲಿಗೆ, ಖಂಡಿತ. ಅದರ ಮೇಲೆ ಸೇವಂತಿಗೆಯ ಸರದಿ. ಚಿಕ್ಕಬಳ್ಳಾಪುರದ ಕಡೆಯ ಹೊಲಗಳಲ್ಲಿ ರಾತ್ರಿಯಿಡೀ ಬಲ್ಬು ಏಕೆ ಉರಿಯುತ್ತವೆಂದು ಬಸ್ಸಿನಲ್ಲಿ ಹೋದವರು ಕೇಳಿದ್ದೀರಿ, ಆಗ ಹೇಳುತ್ತೇನೆ. ಚೆಂಡುಹೂವಿನ ಬೀಜ ಹಾಕಿದ ದಿನ, ಮೊದಲ ಹೂವು ಕಂಡ ದಿನ, ಅಂದು ಗಿಡದ ಎತ್ತರ ಎಷ್ಟು ಗೇಣು ಎಂಬ ಮೂರನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕಿಟ್ಟು ಕಾರ್ತಿಕದಲ್ಲಿ ಬರೆದು ಕಳಿಸಿ. ವಯನಾಡಿನಿಂದ ಸೊಲ್ಲಾಪುರದವರೆಗೆ ನಿಮ್ಮೆಲ್ಲರ ಅಂಗಳದ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡುವ ಆಸೆ ಇದೆ.